ಹತ್ತು ತಾಸು

ಡಬ್ಬಿ ಮ್ಯಾಲ ಹತ್ತು ತಾಸು ಅಂತ ಬರದದ.
ಅದರ ಕೆಳಗ ಇರುವಿಯಂಥ ಅಕ್ಷರದಾಗ:
ನೀವು ಬಳಸಿದ್ದರ ಮ್ಯಾಲ ಅದ.
ಜತ್ತಿನ ಅಂಗಡಿಯ ಸುಹಾಸ ಅಂದ,
‘ಏಳು ದಿನದಾಗ ತಂದ್ರ ತಿರುಗಿ ತಗೋತೀನಿ, ವೈನಿ.
ಎಂಟನೇ ದಿನಾ ನೀವ್ಯಾರೋ ನಾ ಯಾರೋ.’

ಹದಿನಾಲ್ಕು ತಿಂಗಳ ಭಿಶಿ ಕಟ್ಟಿ ತಗೊಂಡದ್ದು.
ಬಳಸೂದಂದ್ರ ಏನು, ನಾನೇ ನೋಡ್ತೀನಿ ಅಂತ
ಮಗಳ ಹಳೇ ಗಣಿತದ ವಹಿಯ ಕಡೀ ಹಾಳಿಗೆ
ಗೆರಿ ಹೊಡದು ಎರಡು ಮನಿ ಮಾಡಿದೆ:
ಹೊತ್ತು. ಉಳಿದದ್ದು.

ಮುಂಜಾನೆ ಏಳೂ ಹತ್ತು. ನೂರು. ವಾಯರು ಕಿತ್ತೆ.
ಉಮದಿ ಬಸ್ಸಿನ್ಯಾಗ ತೊಡಿ ಮ್ಯಾಲ ಇಟಗೊಂಡು ಕುಂತ್ರ
ಕಂಡಕ್ಟರ ಕೇಳಿದ, ‘ಇದಕ್ಕ ಅರ್ಧಾ ತಿಕೀಟೇನು?’
ಎಂಟೂ ನಲವತ್ತು. ತೊಂಬತ್ತೆಂಟು.
ತೆರೀದಿದ್ರೂ ಎರಡು ಹೋಗ್ಯಾವ.
ಅದನೂ ಬರದೆ.

ಬಿಳಿಗುಡ್ಡದ ವಸ್ತಿಯಾಗ ಹಗಲೊತ್ತು ಕರೆಂಟಿಲ್ಲ,
ಪಂಪಿನ ಪಾಳಿ ರಾತ್ರಿ.
ಬೇವಿನ ಬುಡಕ ಗೋಣಿಚೀಲ, ಚೀಲದ ಮ್ಯಾಲ ನಾಕು ಇಟ್ಟಂಗಿ,
ಇಟ್ಟಂಗಿ ಮ್ಯಾಲ ನನ್ನ ಹೊಸಾ ಲ್ಯಾಪ್‌ಟಾಪು.
ಎಲಿ ಸಂದಿಯಿಂದ ಬಿಸಿಲು ಇಳದು ಪರದೆ ಮ್ಯಾಲೇ ಕುಂತಿತು.
ಅಕ್ಷರ ಕಾಣವಲ್ಲವು. ಬೆಳಕು ಪೂರಾ ಏರಿಸಿದೆ.
ಹತ್ತೂವರಿ. ಎಪ್ಪತ್ತಾರು.
ಎದಿ ಧಸಕ್ಕಂತು.

ದಾಳಿಂಬ್ರಿ ವಿಮಾ, ನಿರಾಧಾರ ಪಗಾರ,
ರೇಷನ್ ಕಾರ್ಡಿಗೆ ಸೊಸಿ ಹೆಸರು.
ಫಾರ್ಮು ಮರಾಠಿ, ಮಂದಿ ಕನ್ನಡ,
ನಡುವ ನನ್ನ ಹತ್ತು ಬಟ್ಟು.
ಹೊನ್ನವ್ವ ಅಂತ ಹೊಡೀಬೇಕಂದ್ರ
ಆ ಲಿಪಿಯಾಗ ಗಿಡ್ಡ ಒ ಇಲ್ಲ, ಹೋನ್ನವ್ವ ಆದ್ಲು.
ಓದಿ ಹೇಳಿದೆ. ಮುದುಕಿ ನಕ್ಕಳು:
‘ಹೊಲದ ಆ ಕಡೆ ಇದ್ದಾಕಿನ್ನ ಕರದಂಗ ಎಳೀತೀಯಲ್ಲವ್ವಾ,
ನಾ ಇಲ್ಲೇ ಇದ್ದೀನಿ.’

ಆಮ್ಯಾಲ ವಹಿ ಕಂಡು, ‘ಹಾಲಿನ ಲೆಕ್ಕೇನು?’
ಅಲ್ಲ ಅಂದೆ. ಹೇಳಿದೆ:
ಬೆಳಕು ಹೆಚ್ಚಿಟ್ರ ಇದರ ಹೊಟ್ಟಿ ಲಗೂ ಖಾಲಿ ಆಗತದ.
ಆಕಿ ಏನೂ ಅನಲಿಲ್ಲ. ಎದ್ದು ನನ್ನ ಬೆನ್ನ ಹಿಂದ ಬಂದು
ಎರಡೂ ಕೈಲೆ ಸೆರಗು ಅಗಲಿಸಿ ನಿಂತ್ಲು.
ಪರದೆ ಮ್ಯಾಲ ಹಸರ ನೆರಳು, ಅಂಚಿನ ಎಳಿ ಸುದ್ದಾ.
ಬೆಳಕು ಅರ್ಧಕ್ಕ ಇಳಿಸಿದೆ. ಅಕ್ಷರ ಕಂಡವು.

ಆಕಿ ಕೈ ಸೋತಾಗ ಸೊಸಿ ಬಂದ್ಲು,
ಸೊಸಿಗಿ ಕೂಸು ಅತ್ತಾಗ
ರುಮಾಲು ಬಿಚ್ಚಿಕೋತ ರೇವಪ್ಪ.
ಹನ್ನೆರಡೂ ಕಾಲು. ಅರವತ್ತನಾಕು.
‘ಉಳೀತೇನು?’
ಉಳೀತು.
ಅಲ್ಲಿಂದ ತಾಸಿಗೊಮ್ಮೆ ಯಾರರೆ ಒಬ್ರು
ವಹಿಯೊಳಗ ಹಣಿಕಿ ಹಾಕವರು,
ಜ್ವರ ಬಂದವರ ಕೈ ಹಿಡದು ನೋಡಿದಂಗ.

ಬೀರ್ಯಾ ಕೇಳಿದ: ‘ಕ್ರಿಕೆಟ್ ನೋಡೂದೂ ಬಳಸೂದs ಅಲ್ಲೇನಕ್ಕಾ?’
ಖರೆ ಅನಿಸಿತು. ಹತ್ತು ನಿಮಿಷ ಕೊಟ್ಟೆ.
ಮೂರು ಹೋದವು.
ಒಂದು ವಿಕೆಟ್ಟೂ ಬೀಳಲಿಲ್ಲ.

ನಾಕೂ ಐದು. ಇಪ್ಪತ್ತೇಳು.
ಐದೂ ಹತ್ತು, ಹದಿನೈದು. ರೇವಪ್ಪನ ಫಾರ್ಮು ಕಳಿಸೂ ಮುಂದ
ಸತ್ತದ್ದು ಲ್ಯಾಪ್‌ಟಾಪ್ ಅಲ್ಲ, ನನ್ನ ಫೋನು,
ಅದರ ಕೂಡ ನೆಟ್ಟು.
‘ಅದಕ್ಕ ವಹಿ ಇಟ್ಟಿಲ್ಲೇನು?’ ಅಂದ ಅಂವಾ,
ರುಮಾಲು ಸುತಗೋತ.

ಆರೂ ಮೂವತ್ತೈದಕ್ಕ, ಬಸ್ಸಿನ್ಯಾಗ, ಸೊನ್ನಿ.
ಕಣ್ಣ ಮುಂದೇ ಆರಿತು.
ವಾಯರು ಕಿತ್ತಾಗಿಂದ ಹಿಡದ್ರ ಹನ್ನೊಂದರ ಮ್ಯಾಲ ಚಿಲ್ಲರೆ,
ತೆರದಾಗಿಂದ ಹಿಡದ್ರ ಐದು ನಿಮಿಷ ಕಮ್ಮಿ ಹತ್ತು.
ಸುಹಾಸ ಕೇಳಿದ್ರ ಯಾವದು ಹೇಳಲಿ?
ಎರಡರಾಗೂ ಸೆರಗು ಅದ, ರುಮಾಲದ.
ಡಬ್ಬಿ ಮ್ಯಾಲ ಅದನ್ನ ಯಾರೂ ಬರದಿಲ್ಲ.

ಮನಿಗಿ ಬಂದು ವಾಯರು ಚುಚ್ಚಿದೆ. ಕರೆಂಟು ಹೋಗಿತ್ತು.
ಮೇಣಬತ್ತಿ ಹಚ್ಚಿ ಹೊಸಾ ಹಾಳಿ ತಗದು
ಈ ಸಲ ಮೂರು ಮನಿ ಹೊಡದೆ:
ಹೊತ್ತು. ಉಳಿದದ್ದು. ನೆರಳು ಯಾರದು.
ನಾಳೆ ಯಾರೂ ನಿಲ್ಲಬ್ಯಾಡ್ರಿ ಅಂತ ಹೇಳಿ ನೋಡಬೇಕು.
ಹೇಳಿದ್ರ ಕೇಳ್ತಾರೇನು ಹೊನ್ನವ್ವ?
ಏಳರಾಗ ಇನ್ನಾ ಆರು ದಿನಾ ಅದಾವು.